ಅಮ್ಮನ ಬೈಬಲ್ ಪಾರಾಯಣ

ಪುಸ್ತಕಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ ಕೂಡಲೇ ಅರಗಿನ ವಾಸನೆ ಬಂತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಏಳುತ್ತದಲ್ಲ, ಒಂದಿಷ್ಟು ಸಿಹಿ, ಒಂದಿಷ್ಟು ಸುಟ್ಟದ್ದು, ಆ ವಾಸನೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಬೀದಿಯಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ; ಬೇರೆಯವರಿಗೆ ವಿವರಿಸಲು ನನಗೆ ಬರುವುದಿಲ್ಲ. ನಮ್ಮ ಮನೆಯ ಹಳೆಯ ಬೈಬಲ್ಲಿಗೆ ಅದು ಹೇಗೆ ಹತ್ತಿತು ಎಂದರೆ, ಆ ಪುಸ್ತಕವನ್ನು ಮುಟ್ಟಿದ ಕೈಗಳೆಲ್ಲ ಅರಗು ಕಲಸಿದ ಕೈಗಳೇ. ಎಷ್ಟು ಉಜ್ಜಿ ತೊಳೆದರೂ ಬಣ್ಣ ಬೆರಳ ತುದಿಯಲ್ಲಿ ಉಳಿಯುತ್ತಿತ್ತು. ಹಾಳೆಗಳ ಅಂಚಿನಲ್ಲಿ ಕೆಂಪು, ಹಳದಿ, ಹಸಿರು ಬೆರಳಚ್ಚುಗಳು ಈಗಲೂ ಇವೆ. ಮೊದಮೊದಲ ಹಾಳೆಗಳಂತೂ ಬಣ್ಣ ಹತ್ತಿ ಹತ್ತಿ ದಪ್ಪಗಾಗಿವೆ. ಆಮೇಲಿನ ಎಷ್ಟೋ ಹಾಳೆಗಳು ನಿನ್ನೆ ಮೊನ್ನೆ ಅಚ್ಚಾದಷ್ಟು ಬೆಳ್ಳಗಿವೆ.

ಅದನ್ನು ಪೆಟ್ಟಿಗೆಯಿಂದ ತೆಗೆಯುವಂತೆ ಮಾಡಿದವಳು ನನ್ನ ಸೊಸೆ ಚೈತ್ರ. ಸೋಲೂರಿನ ಕಡೆಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನಾವು ಕ್ರೈಸ್ತರು, ಅವಳ ತವರಿನಲ್ಲಿ ಈ ಪುಸ್ತಕವನ್ನು ಕಂಡವರೇ ಇಲ್ಲ. ಓದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಫೋನಿಗೆ ಅದೇನೋ ಒಂದು ಆ್ಯಪ್ ಹಾಕಿಕೊಂಡು, ವರ್ಷದೊಳಗೆ ಪೂರ್ತಿ ಮುಗಿಸುತ್ತೇನೆ ಅಂತ ದಿನಾ ಓದಿ ಗುರುತು ಹಾಕುತ್ತಿದ್ದಳು. ಮೊನ್ನೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತವಳು ಇದ್ದಕ್ಕಿದ್ದಂತೆ ಕಣ್ಣು ಒರೆಸಿಕೊಂಡಳು. "ಅತ್ತೆ, ನಂಗೆ ಇದು ತಲೆಗೇ ಹತ್ತುತ್ತಿಲ್ಲ. ಯಾಜಕಕಾಂಡಕ್ಕೆ ಬಂದು ನಿಂತೋಗ್ಬುಟ್ಟಿದ್ದೀನಿ. ಈ ಫೋನು ಬೇರೆ, ನೀವು ಹಿಂದೆ ಬಿದ್ದಿದ್ದೀರ ಅಂತ ದಿನಾ ಟಣ್ ಅಂತದೆ. ನಂಗೆ ಯೋಗ್ಯತೆ ಇಲ್ಲ ಅನ್ಸುತ್ತೆ ಅತ್ತೆ." ಮೊದಲು ನನಗೆ ನಗು ಬಂತು. ಆಮೇಲೆ ಅಮ್ಮ ನೆನಪಾದಳು. ಯಾಜಕಕಾಂಡ! ಬೈಬಲ್ಲಿನ ಮೂರನೆಯ ಕಾಂಡ, ಬರೀ ವಿಧಿ ನಿಯಮ. ನಮ್ಮಮ್ಮ ನಿಂತುಹೋಗಿದ್ದೂ ಸರಿಯಾಗಿ ಅಲ್ಲೇ. ಅಯ್ಯೋ ಹುಡುಗಿ, ಕೈ ತೊಳ್ಕೊಂಡು ಬಾ ಇಲ್ಲಿ, ಅಂದೆ.

ಅಮ್ಮ ಮಾಗಡಿ ಕಡೆಯ ತಿಪ್ಪಸಂದ್ರದವಳು. ಹೊಲ, ಮನೆ, ದನಕರು ಎಲ್ಲ ಇದ್ದ ಗೌಡರ ಮನೆಯ ಮಗಳು, ಹೆಸರು ಗೌರಿ. ಗೊಂಬೆ ಕೆಲಸ ಕಲಿಯಲೆಂದು ಚನ್ನಪಟ್ಟಣದ ಸೋದರತ್ತೆಯ ಮನೆಗೆ ಬಂದವಳು, ಕಲಿಸಿದವನನ್ನೇ ಮದುವೆಯಾಗಿಬಿಟ್ಟಳು. ಆ ಕಲಿಸಿದವನೇ ನಮ್ಮಪ್ಪ, ಕ್ರೈಸ್ತರ ಹುಡುಗ. ಅಮ್ಮನ ತಂದೆ, ಅಂದರೆ ನನ್ನ ತಾತ, ಬಂದು ಜಗಳ ಆಡಲಿಲ್ಲ. ಯಾರದೋ ಕೈಲಿ ಒಂದೇ ಮಾತು ಹೇಳಿ ಕಳಿಸಿದರಂತೆ: "ಇನ್ನು ನಮ್ಮನೆ ಜಗುಲಿ ತುಳೀಬ್ಯಾಡ ಅನ್ನಿ." ಅಷ್ಟೇ. ನಾನು ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಆ ಮಾತು ಬದಲಾಗಲಿಲ್ಲ. ಪೇಟೆಗೆ ಹೋದಾಗ ಮಾಗಡಿಯ ಬೋರ್ಡಿನ ಬಸ್ಸು ಕಂಡರೆ ಅಮ್ಮ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ನನಗಾಗ ಅದು ಬಸ್ಸಿನ ಧೂಳಿಗೆ ಅಂತ ಅನ್ನಿಸುತ್ತಿತ್ತು.

ನಮ್ಮ ಮನೆ ಅಂದರೆ ಮುಂದಿನ ಕೋಣೆಯಲ್ಲಿ ಅಪ್ಪನ ಲೇತ್ ಮೆಷಿನ್ನು, ನಡುಮನೆಯಲ್ಲಿ ನಾವು, ಹಿತ್ತಿಲಲ್ಲಿ ಮರದ ತುಂಡುಗಳು. ಬಾಗಿಲ ಪಕ್ಕದ ಜಗುಲಿ ಅಪ್ಪನ ತಾಯಿ ಎಸ್ತೇರಜ್ಜಿಯದು. ಅಲ್ಲಿ ಕಾಲು ಚಾಚಿ ಕುಳಿತು, ತಾಳೆಗರಿಯಿಂದ ಗಿಲಕಿಗಳನ್ನು ತಿಕ್ಕಿ ತಿಕ್ಕಿ ಹೊಳಪು ಕೊಡುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾ, ಅರ್ಧ ಜನರನ್ನು ಬೈಯುತ್ತಾ ಇರುತ್ತಿದ್ದಳು. ಎದುರು ಮನೆಯ ರೇಷ್ಮೆ ವ್ಯಾಪಾರದ ಸಾಹೇಬರು ಕೂಡ ಅಜ್ಜಿಗೆ ಸಲಾಂ ಹೇಳದೆ ಮುಂದೆ ಹೋಗುವ ಹಾಗಿರಲಿಲ್ಲ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಗಂಡ ಇದ್ದಷ್ಟು ಕಾಲ ಸಂಜೆ ಹೊತ್ತು ಅವರು ಬೈಬಲ್ ಓದುತ್ತಿದ್ದರು, ಅಜ್ಜಿ ಕೇಳುತ್ತಿದ್ದಳು. ಅವರು ಹೋದ ಮೇಲೆ ಪುಸ್ತಕ ಗೂಡು ಸೇರಿತ್ತು. ಅಪ್ಪನಿಗೆ ಲೇತು ಬಿಟ್ಟರೆ ಲೋಕವೇ ಇರಲಿಲ್ಲ.

ಒಂದು ದಿನ ಬೆಳಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಆ ಬೈಬಲನ್ನು ಕೆಂಪು ಬಟ್ಟೆ ಹಾಸಿದ ಮಣೆಯ ಮೇಲೆ ಇಟ್ಟು, ದೀಪ ಹಚ್ಚಿ, ಮೊದಲನೆ ಪುಟದಿಂದ ಶುರುಮಾಡಿದಳು. ತವರಿನಲ್ಲಿ ಪುರಾಣ ಪಾರಾಯಣ ಮಾಡುವುದನ್ನು ಹಾಗೆಯೇ ನೋಡಿದ್ದಳು. ಮಡಿಯಲ್ಲಿ ಕೂರಬೇಕು, ಒಂದು ಸಾಲೂ ಬಿಡಬಾರದು, ನಡುವೆ ನಿಲ್ಲಿಸಬಾರದು. ನಿಂತರೆ ಮತ್ತೆ ಮೊದಲಿಂದ. ಅಪ್ಪ ಇಣುಕಿ ನೋಡಿ ಒಂದು ನಗು ನಕ್ಕು ಲೇತಿಗೆ ಹೋದ. ಅಜ್ಜಿ ಆ ಮಡಿಗೆ ನಕ್ಕಳು, ಆದರೂ ಕಿವಿಗೊಟ್ಟು ಕುಳಿತಳು. ಎಷ್ಟೋ ಕಾಲದ ಮೇಲೆ ಮನೆಯಲ್ಲಿ ಆ ಪುಸ್ತಕದ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಹಬ್ಬವಾಗಿತ್ತು. ಆದಿಕಾಂಡದ ಅಣ್ಣತಮ್ಮಂದಿರ ಜಗಳ, ಬಾವಿಕಟ್ಟೆ, ಹೆಣ್ಣು ನೋಡುವುದು ಎಲ್ಲ ಅಮ್ಮನಿಗೆ ಹಿಡಿಸಿತು. ಕೆಂಪು ಸಮುದ್ರ ಇಬ್ಭಾಗವಾಗಿ ಜನ ದಾಟುವಾಗ ನಾನೂ ಬಾಯಿಬಿಟ್ಟುಕೊಂಡು ಕೇಳಿದೆ. ಆಮೇಲೆ ಬಂತು ನೋಡಿ ಯಾಜಕಕಾಂಡ. ಯಾವ ಹೋಮಕ್ಕೆ ಯಾವ ಪ್ರಾಣಿ, ಯಾವ ಕೊಬ್ಬು, ಮೈಮೇಲೆ ಎಂಥ ಬಿಳಿ ಮಚ್ಚೆ ಬಂದರೆ ಏನು, ಗೋಡೆಗೆ ಬೂಸ್ಟು ಬಂದರೆ ಏನು. ಅಮ್ಮನ ದನಿ ಸಣ್ಣಗಾಗುತ್ತಾ ಹೋಯಿತು. ಅಷ್ಟರಲ್ಲಿ ಮುಟ್ಟಾಯಿತು. ಪುಸ್ತಕ ಮುಟ್ಟುವ ಹಾಗಿಲ್ಲವಲ್ಲ! ಪಾರಾಯಣ ನಿಂತಿತು. ತಲೆಗೆ ನೀರು ಹಾಕಿಕೊಂಡು ಬಂದವಳು ಮತ್ತೆ ಆದಿಕಾಂಡದ ಮೊದಲ ಸಾಲಿಗೆ ಹೋದಳು.

ಹೀಗೇ ತಿಂಗಳು ತಿಂಗಳೂ ನಡೆಯಿತು. ಲೋಕ ಮತ್ತೆ ಮತ್ತೆ ಹುಟ್ಟುತ್ತಿತ್ತು, ಸಮುದ್ರ ಮತ್ತೆ ಮತ್ತೆ ಸೀಳುತ್ತಿತ್ತು, ಅಮ್ಮ ಅದೇ ಕುರಿ, ಅದೇ ಕೊಬ್ಬು, ಅದೇ ಬೂಸ್ಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದು ಸಲ ಹಟ ಹಿಡಿದು ಸ್ವಲ್ಪ ಮುಂದೆ ಹೋದಾಗ, ಮುಟ್ಟಾದ ಹೆಂಗಸು ಎಷ್ಟು ದಿನ ಮೈಲಿಗೆ, ಅವಳು ಕುಳಿತ ಜಾಗ ಹೇಗೆ ಮೈಲಿಗೆ ಎನ್ನುವ ಅಧ್ಯಾಯವೇ ಎದುರಾಯಿತು. ಅಮ್ಮ ಎದ್ದು ಜಗುಲಿಗೆ ಬಂದಳು. "ನೋಡಿ ಅತ್ತೆ, ನೀವು ನಗ್ತಿದ್ರಲ್ಲ. ಇದ್ರಲ್ಲೂ ಬರ್ದೈತೆ. ನಾನು ಮಾಡ್ತಿರೋದು ಸರಿಯಾಗೈತೆ!" ಗೆದ್ದವಳ ಹಾಗೆ ಹೇಳಿದಳು ನಿಜ, ಆದರೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಯಾಕಂದರೆ ಅವತ್ತೂ ಅವಳಿಗೆ ಮುಟ್ಟಿನ ದಿನ ಹತ್ತಿರ ಬಂದಿತ್ತು.

ಅಜ್ಜಿ ಕೈಲಿದ್ದ ಗಿಲಕಿ ಕೆಳಗಿಟ್ಟಳು. "ಯಾಕವ್ವ ಗೌರಿ, ಯಾರು ನಿಂಗೆ ಇಷ್ಟು ಅರ್ಜೆಂಟು ಮಾಡಿರೋರು?" ಆಗ ಹೊರಬಂತು ಸಂಗತಿ. ಅಮ್ಮ ಹರಕೆ ಹೊತ್ತಿದ್ದಳು. ಈ ಮನೆಯ ದೇವರ ಪುಸ್ತಕವನ್ನು ತಪ್ಪಿಲ್ಲದೆ ಮೊದಲಿಂದ ಕೊನೆತನಕ ಮುಗಿಸಿದರೆ, ತನ್ನ ಅಪ್ಪ ಒಂದು ಸಲ ಮನೆಗೆ ಕರೆಯಬೇಕು ಅಂತ. "ನಂಗೆ ಅರ್ಥನೇ ಆಗ್ತಿಲ್ಲ ಅತ್ತೆ. ಅರ್ಥ ಆಗ್ದೆ ಓದಿದ್ದು ಲೆಕ್ಕಕ್ಕೆ ಬತ್ತದಾ? ನಾನು ಮುಗ್ಸೋದು ಯಾವಾಗ, ಅಪ್ಪಾಜಿ ಕರೆಯೋದು ಯಾವಾಗ?"

ಅಜ್ಜಿ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಅವತ್ತು ಅವಳು ಆಡಿದ್ದನ್ನು ನಾನು ಮರೆತಿಲ್ಲ. "ಇದು ಒಂದು ಪುಸ್ತಕ ಅಲ್ಲ ಕಣವ್ವ, ಒಂದು ಊರು. ಈ ಊರಿಗೆ ಸೊಸೆಯಾಗಿ ಬಂದಾಗ ನೀನು ಮೊದಲನೆ ಮನೆಯಿಂದ ಕೊನೆ ಮನೆ ಗಂಟ ಸಾಲಾಗಿ ಬಾಗ್ಲು ತಟ್ಟಿದ್ಯಾ? ಇಲ್ಲ ತಾನೆ? ಯಾರೋ ಒಬ್ರು ಬಾ ಅಂದ್ರು, ಓಗಿ ಕುಂತೆ. ಅವ್ರ ಮಾತಲ್ಲಿ ಪಕ್ಕದ ಮನೆಯೋರು ಯಾರು ಅಂತ ಗೊತ್ತಾಯ್ತು. ಈಗ ನೀನು ಓದಿದ್ಯಲ್ಲ, ಅದೂ ಒಂದು ಮನೆ. ಕಟ್ಟುನಿಟ್ಟಿನ ಮನೆ. ಅಲ್ಲೇ ಬಾಗ್ಲಲ್ಲಿ ನಿಂತ್ಕೊಂಡು ಅತ್ತರೆ ಎಂಗೆ? ಒಸಿ ಮುಂದಿನ ಬೀದಿಗೆ ಓಗು. ಅಲ್ಲೊಬ್ಳು ಅವ್ಳೆ, ಹನ್ನೆರಡು ವರ್ಷ ಮುಟ್ಟು ನಿಲ್ಲದೆ ಒದ್ದಾಡಿದೋಳು. ಜನರ ಮಧ್ಯೆ ನುಗ್ಗಿ ಯೇಸುಸ್ವಾಮಿ ಬಟ್ಟೆ ಅಂಚು ಮುಟ್ಟಿದ್ಳು. ಆತ ಬೈದ್ನಾ? ಮಗಳೇ ಅಂದ. ನಿಂಗೆ ಈ ಪುಸ್ತಕ ಮುಟ್ಟಬ್ಯಾಡ ಅನ್ನೋರು ಯಾರು?" ಆಮೇಲೆ ಸೆರಗಿನಿಂದ ಅಮ್ಮನ ಮೂಗು ಒರೆಸುತ್ತಾ, "ನಂಗೂ ಇದ್ರಲ್ಲಿ ಅರ್ಧಕ್ಕರ್ಧ ಅರ್ಥ ಆಗಲ್ಲ ಕಣೇ. ಆಗಿದ್ದನ್ನ ಇಟ್ಕೊಂಡಿವ್ನಿ, ಆಗದೆ ಇರೋದು ಆತನ ಅತ್ರನೇ ಇರ್ಲಿ" ಅಂದಳು.

ಅವತ್ತು ಸಂಜೆ ಅಜ್ಜಿ ಪುಸ್ತಕದ ಇನ್ನೊಂದು ಮನೆ ಹೇಳಿದಳು, ಅಲ್ಲಿಗೆ ಹೋದೆವು. ರೂತಳ ಮನೆ. ನಾಲ್ಕೇ ಅಧ್ಯಾಯ. ದೀಪವಿಲ್ಲ, ಮಣೆಯಿಲ್ಲ, ಜಗುಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಅಮ್ಮ ಓದಿದಳು. ಗಂಡನನ್ನು ಕಳೆದುಕೊಂಡ ಸೊಸೆ, ತವರಿಗೆ ಹೋಗು ಅಂದರೂ ಹೋಗದೆ ಮುದುಕಿ ಅತ್ತೆಯ ಹಿಂದೆ ಅವಳ ಊರಿಗೆ ನಡೆದು ಬರುತ್ತಾಳೆ. ಹೊಟ್ಟೆಪಾಡಿಗೆ ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಉದುರಿದ ತೆನೆ ಆಯುವುದು ಬಂದದ್ದೇ ತಡ, ಅಮ್ಮನ ದನಿಯೇ ಬೇರೆಯಾಯಿತು. "ಅಯ್ಯೋ ಅತ್ತೆ, ಇದು ನಂಗೆ ಗೊತ್ತು! ನಮ್ಮಪ್ಪಾಜಿ ರಾಗಿ ಕೊಯ್ಯಿಸ್ವಾಗ ಬದುವಿನ ಸಾಲು ಮುಟ್ಟಿಸ್ತಿರ್ಲಿಲ್ಲ. ಇಲ್ಲದ ಹೆಣ್ಮಕ್ಳು ಬಂದು ಕೊಯ್ಕೊಂಡು ಓಗ್ತಿದ್ರು. ಯಾರಾದ್ರೂ ಆ ಹೆಣ್ಮಕ್ಳನ್ನ ಗದರಿದ್ರೆ ಅಪ್ಪಾಜಿ ಗದರಿದೋರ್ನೇ ಗದರೋರು." ಆ ಪದ್ಧತಿ ಇದೇ ಪುಸ್ತಕದ ಇನ್ನೊಂದು ಮನೆಯಲ್ಲೂ ಐತೆ ಅಂದಳು ಅಜ್ಜಿ, ಎಲ್ಲಿ ಅಂತ ಅವಳಿಗೆ ಹೇಳಲು ಬರಲಿಲ್ಲ. ಅಮ್ಮ ಹಾಳೆ ತಿರುವಿ ತಿರುವಿ ಕೊನೆಗೂ ಹುಡುಕಿದಳು. ಎಲ್ಲಿತ್ತು ಅಂತೀರಿ? ಯಾಜಕಕಾಂಡದಲ್ಲೇ! ಅವಳು ಅತ್ತು ನಿಲ್ಲಿಸಿದ್ದ ಜಾಗದಿಂದ ಒಂದಷ್ಟು ಹಾಳೆ ಮುಂದೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅಂತ. ಅಮ್ಮ ಆ ಸಾಲಿನ ಮೇಲೆ ಬೆರಳೊತ್ತಿ ಹಿಡಿದು ಇನ್ನೊಂದು ಸಲ ಗಟ್ಟಿಯಾಗಿ ಓದಿದಳು. ಆ ಹಳದಿ ಬೆರಳಚ್ಚು ಇಲ್ಲೇ ಇದೆ, ಚೈತ್ರಳಿಗೆ ತೋರಿಸಿದೆ.

"ಅಂಗಾದ್ರೆ ನಿಮ್ಮಪ್ಪ ಒಳ್ಳೆ ಮನುಷ್ಯನೇ ಕಣವ್ವ" ಅಂದಳು ಅಜ್ಜಿ. "ಅವ್ನನ್ನ ಈ ಪುಸ್ತಕದೊಳಗೆ ಯಾಕೆ ಹುಡುಕ್ತೀಯ? ತಿಪ್ಪಸಂದ್ರದಲ್ಲವ್ನೆ. ಬಸ್ಸು ಐತೆ. ಕತೇಲಿ ಅತ್ತೆ ಹಿಂದೆ ಸೊಸೆ ನಡೆದ್ಳು. ಈಗ ಸೊಸೆ ಹಿಂದೆ ಅತ್ತೆ ಬತ್ತೀನಿ, ನಡಿ."

ಹೋದೆವು. ಮಾರನೆಯ ದಿನವೇ ರಾಮನಗರದಲ್ಲಿ ಒಂದು ಬಸ್ಸು ಬದಲಿಸಿ, ಮಾಗಡಿಯಲ್ಲಿ ಇನ್ನೊಂದು ಬದಲಿಸಿ, ಮಧ್ಯಾಹ್ನ ಕಳೆದ ಮೇಲೆ ಇಳಿದೆವು. ದಾರಿಯುದ್ದಕ್ಕೂ ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ತಾತ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಿ ನೋಡಿ ಮತ್ತೆ ಹಗ್ಗಕ್ಕೆ ತಿರುಗಿದರು. ಅಮ್ಮ ಅಂಗಳದ ಆಚೆಗೇ ನಿಂತಳು. ಅಜ್ಜಿ ಮಾತ್ರ ಸೀದಾ ಹೋಗಿ ಜಗುಲಿಯ ಮೇಲೆ ಕುಳಿತು, "ಉಸ್ಸಪ್ಪಾ, ಏನು ಬಿಸ್ಲು ನಿಮ್ಮೂರಲ್ಲಿ. ಒಸಿ ನೀರು ಕೊಡಿಸ್ತೀರಾ ಬೀಗ್ರೇ?" ಅಂದಳು. ಬಾಗಿಲಿಗೆ ಬಂದು ನೀರು ಕೇಳಿದ ಮುದುಕಿಗೆ ಇಲ್ಲ ಅನ್ನುವ ಮನೆ ಅದಲ್ಲ. ತಾತ ಹಗ್ಗದಿಂದ ಕಣ್ಣು ತೆಗೆಯದೆ ಒಳಗೆ ಕೂಗಿದರು. ಚೊಂಬು ಹಿಡಿದು ಬಂದ ನನ್ನ ಇನ್ನೊಬ್ಬ ಅಜ್ಜಿ, ಅಂಗಳದಾಚೆ ನಿಂತ ಮಗಳನ್ನು ನೋಡಿ, ಚೊಂಬನ್ನು ಕೈಬಿಟ್ಟು ಓಡಿಹೋಗಿ ತಬ್ಬಿಕೊಂಡರು. ಎಸ್ತೇರಜ್ಜಿಯ ಸೀರೆಯೆಲ್ಲ ನೀರಾಯಿತು. ತಾತ ಅಮ್ಮನ ಕಡೆ ನೋಡಲಿಲ್ಲ. ಸಂಜೆ ಹೊರಟಾಗ ನನ್ನ ಕೈಗೆ ಒಂದು ಚೀಲ ಅವರೆಕಾಯಿ ಕೊಟ್ಟು, ಎಸ್ತೇರಜ್ಜಿಗೆ ಕೇಳುವಷ್ಟೇ ಮೆಲ್ಲಗೆ ಅಂದರು: "ಇನ್ನೊಂದ್ಸತಿ ಬೆಳಗ್ಗೆ ಬಸ್ಗೆ ಬನ್ನಿ. ಉಂಡ್ಕೊಂಡು ಓಗಬಹುದು."

ಆಮೇಲೆ ಅಜ್ಜಿಯ ಜೊತೆಯಲ್ಲಿ ಅಮ್ಮ ಎಷ್ಟೋ ಸಲ ಹೋಗಿ ಬಂದಳು, ಉಂಡಳು. ತಾತ ಮಾತ್ರ ಅವಳ ಜೊತೆ ನೇರವಾಗಿ ಮಾತಾಡಲೇ ಇಲ್ಲ. ಏನು ಹೇಳಬೇಕಾದರೂ ಅಜ್ಜಿಯ ಕಡೆ ತಿರುಗಿ, "ನಿಮ್ಮ ಸೊಸೆಗೆ ಹೇಳಿ" ಅನ್ನುವರು; ಎದುರಿಗೇ ಇದ್ದ ಅಮ್ಮ ಅದಕ್ಕೇ ಕಣ್ಣು ತುಂಬಿಕೊಳ್ಳುವಳು. ಒಂದು ಚಳಿಗಾಲದಲ್ಲಿ ಎಸ್ತೇರಜ್ಜಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅಮ್ಮ ಜಗುಲಿಯ ಹತ್ತಿರ ಕುಸಿದು ಕುಳಿತು, "ಇನ್ನು ನನ್ನ ಯಾರು ಕರ್ಕೊಂಡು ಓಗ್ತಾರೆ, ನನ್ನ ಮಾತು ಯಾರು ಮುಟ್ಟಿಸ್ತಾರೆ" ಅಂತ ಒಂದೇ ಸಮನೆ ಅತ್ತಳು. ಎರಡು ಸಾವಿಗೆ ಅಳುವಷ್ಟು ಅತ್ತಳು. ಲೇತ್ ನಿಂತಿತ್ತು.

ಮಾರನೆಯ ದಿನ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ತಾತ! ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದರು. ನಮ್ಮ ಮನೆಯನ್ನು ಅವರು ಕಂಡದ್ದೇ ಮೊದಲು. ಸುತ್ತ ನೋಡಿದರು. ಅಜ್ಜಿಯ ತಾಳೆಗರಿಗಳು ಇನ್ನೂ ಅಲ್ಲೇ ಬಿದ್ದಿದ್ದವು. ಅವನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿ, ಅವಳು ಕೂರುತ್ತಿದ್ದ ಜಾಗದಲ್ಲೇ ಕುಳಿತರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ನಡುಮನೆಯ ಕತ್ತಲ ಕಡೆ ತಿರುಗಿ ಅಂದರು: "ಒಸಿ ನೀರು ಕೊಡವ್ವ, ಗೌರಿ."

ಅಮ್ಮ ಬೈಬಲ್ ಪೂರ್ತಿ ಮುಗಿಸಲೇ ಇಲ್ಲ. ತನಗೆ ಬೇಕಾದ ಮನೆಗಳಿಗೆ ಹೋಗಿ ಬರುತ್ತಿದ್ದಳು, ಕೆಲವು ಬಾಗಿಲುಗಳನ್ನು ತಟ್ಟದೆಯೇ ಹೊರಟುಹೋದಳು. ಅಪ್ಪನೂ ಇಲ್ಲ, ಆ ಜಗುಲಿಯೂ ಇಲ್ಲ. ಅಲ್ಲೀಗ ಮೊಬೈಲ್ ಅಂಗಡಿಯ ಶಟರ್ ಇದೆ. ಅವರೆಲ್ಲ ಇದ್ದಿದ್ದರೆ ಎಂದು ನನಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ. ಚೈತ್ರ ಆ ಹಳದಿ ಗುರುತಿನ ಮೇಲೆ ತನ್ನ ಬೆರಳಿಟ್ಟು ನೋಡಿದಳು, ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು. ಫೋನು ಟಣ್ ಅಂತು. ಅದನ್ನು ಅವರೆಸಿಪ್ಪೆಯ ಮೊರದಲ್ಲಿ ಮಗುಚಿಟ್ಟು, "ಮೊದಲು ಯಾರ ಮನೆಗೆ ಹೋಗೋಣ ಅತ್ತೆ?" ಅಂದಳು.