ವಾರೆ ಹೊಲಿಗೆ

ನನ್ನ ವಾರಗಿತ್ತಿಯ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಹೊಲಿಗೆಗೆ ಕೂತಾಗ ಕಚ್ಚಿಕೊಂಡದ್ದನ್ನು ಮುದ್ದೆ ತಿರುವುವಾಗಲೂ ತೆಗೆಯುತ್ತಿರಲಿಲ್ಲ. ಹಾಗಾಗಿ ಅವಳ ಮಾತೆಲ್ಲ ಬಲಮೂಲೆಯಿಂದಲೇ ಹೊರಬರಬೇಕು. ತುಟಿಯನ್ನು ಒಂದು ಕಡೆಗೆ ಎಳೆದು, ತಲೆಯನ್ನು ಭುಜದ ಕಡೆಗೆ ವಾಲಿಸಿ ಮಾತಾಡುತ್ತಿದ್ದಳು. ನೋಡಿದವರಿಗೆ ಏನೋ ಗುಟ್ಟು ಹೇಳುತ್ತಿದ್ದಾಳೆ ಅನ್ನಿಸಬೇಕು. ಮದುವೆಯಾಗಿ ಬಂದ ಮೊದಲ ವಾರ ನನಗೂ ಹಾಗೇ ಅನ್ನಿಸಿತು. ಗುಟ್ಟು ನನ್ನ ಬಗ್ಗೆಯೇ ಇರಬೇಕು ಅಂತಲೂ ಅನ್ನಿಸಿತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ನಾನು ಮಾಗಡಿ ಪೇಟೆಯವಳು, ಎಸ್ಸೆಸ್ಸೆಲ್ಸಿ ಪಾಸು. ಅವಳು ಮರಳವಾಡಿ ಕಡೆಯವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಬಿಡದಿಯಿಂದ ಒಳಕ್ಕಿರುವ ನನ್ನ ಗಂಡನ ಊರಿನಲ್ಲಿ ನನ್ನ ಪಾಸನ್ನು ಕೇಳುವವರಿರಲಿಲ್ಲ. ಊರ ಹೆಂಗಸರೆಲ್ಲ ಬ್ಲೌಸ್ ಪೀಸು ಹಿಡಿದು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅತ್ತೆಗೆ ಮಾತ್ರೆ ಕೊಡಲು ಅವಳೇ ಬೇಕು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಿದ್ದೆ ಬಂದರೆ ದೊಡ್ಡವ್ವನ ಮಗ್ಗುಲಿಗೇ ಹೋಗಿ ಮಲಗುತ್ತಿತ್ತು. ಮುಚ್ಚಿಟ್ಟು ಏನು ಪ್ರಯೋಜನ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ವಾರೆ ಎನ್ನುವ ಪದ ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಬಾಗಿಲನ್ನು ಪೂರ್ತಿ ಹಾಕಬಾರದೆಂದರೆ "ಒಸಿ ವಾರೆ ಮಾಡವ್ವ" ಎನ್ನುವಳು. ಮಧ್ಯಾಹ್ನ ಇಳಿದರೆ "ಹೊತ್ತು ವಾರೆ ಆಯ್ತು, ಒಲೆ ಹಚ್ಚು." ಹುಲ್ಲಿನ ಹೊರೆ ತಲೆಯಿಂದ ಜಾರಿದರೆ ಅದೂ ವಾರೆ, ಓಣಿಯಲ್ಲಿ ಹಿರಿಯರು ಎದುರಾದಾಗ ಪಕ್ಕಕ್ಕೆ ಸರಿದು ನಿಲ್ಲುವುದೂ ವಾರೆ. ಪೇಟೆಯ ಟೈಲರುಗಳು ಕ್ರಾಸ್ ಕಟಿಂಗ್ ಎನ್ನುವುದು ಅವಳಿಗೆ ವಾರೆ ಕತ್ರಿ.

"ಬಟ್ಟೆನ ನೆಟ್ಟಗೆ ಕತ್ರಿಸಿದ್ರೆ ಮೈ ಹಿಡ್ಕಳಾಕಿಲ್ಲ ಕಣೆ," ಎಂದು ನನಗೆ ಕಲಿಸುತ್ತಿದ್ದಳು. "ವಾರೆ ಕತ್ರಿಸು. ಆಗ ಒಸಿ ಎಳದು ಕೊಡ್ತದೆ. ಮೈ ಹೇಳ್ದಂಗೆ ಕೇಳ್ತದೆ."

ಕಲಿಸುವುದರಲ್ಲಿ ಅವಳು ಏನನ್ನೂ ಬಚ್ಚಿಡಲಿಲ್ಲ. ನನ್ನ ಹೊಲಿಗೆ ಹದಕ್ಕೆ ಬಂದದ್ದು ಅವಳಿಂದಲೇ. ಆದರೂ ನಾನು ಹೊಲಿದ ಬ್ಲೌಸು ಕಂಕುಳಲ್ಲಿ ಹಿಡಿಯುತ್ತಿತ್ತು, ಅವಳದು ಹಿಡಿಯುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟು.

ಬಟ್ಟೆಗಿಂತ ಮಾತಿನಲ್ಲಿ ಅವಳ ವಾರೆ ಇನ್ನೂ ದೊಡ್ಡದು. ಆ ಮನೆಯಲ್ಲಿ ಸೊಸೆಯರು ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಮಾವ ಜಗಲಿಯ ಮೇಲೆ ಕೂತಿದ್ದಾಗ ಅಕ್ಕ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಉಜ್ಜುತ್ತಾ ಎಮ್ಮೆಗೆ ಹೇಳುವಳು: "ನೀನೇ ಪುಣ್ಯವಂತೆ ಕಣವ್ವ. ನೀನಿರೋ ತಾವ್ಕೇ ನೀರು ಬತ್ತದೆ. ನಾವು ನೋಡು, ಬೋರ್‌ವೆಲ್ ತಂಕ ಕೊಡ ಹೊತ್ಕಂಡು ಸಾಯ್ಬೇಕು." ಮಾವ ಕೆಮ್ಮುವರು, ಅಷ್ಟೆ. ಹದಿನೈದು ದಿನದಲ್ಲಿ ಹಿತ್ತಲಿಗೆ ಪೈಪು ಬಂತು.

ನಾನೂ ಒಂದು ದಿನ ಎಮ್ಮೆಯ ಹತ್ತಿರ ಹೋಗಿ, ಸೀಮೆಎಣ್ಣೆ ಸ್ಟವ್ ಬದಲು ಗ್ಯಾಸ್ ಬೇಕು ಅಂತ ಹೇಳಿ ನೋಡಿದೆ. ಒಳಗಿನಿಂದ ಅತ್ತೆ, "ಯಾಕವ್ವ, ಯಾರ್ ತಾವ ಜಗಳ ಆಡ್ತಿದ್ದೀಯೇ?" ಎಂದು ಕೂಗಿದರು.

ಬಿಡದಿಗೆ ಕಾರಿನ ಫ್ಯಾಕ್ಟರಿ ಬಂದು, ಅದರ ಹಿಂದೆ ರಸ್ತೆಯುದ್ದಕ್ಕೂ ಬೇರೆ ಬೇರೆ ಕಾರ್ಖಾನೆಗಳು ಎದ್ದ ಕಾಲ ಅದು. ಒಂದು ಗಾರ್ಮೆಂಟ್ಸಿನ ಬಸ್ಸು ನಮ್ಮ ಊರ ಗೇಟಿಗೂ ಬರತೊಡಗಿತು. ಬೆಳಿಗ್ಗೆ ಏಳಕ್ಕೆ ಅದರ ಹಾರನ್ ಕೇಳಿದರೆ ನನ್ನ ಕೈ ಕೆಲಸ ನಿಲ್ಲುತ್ತಿತ್ತು. ಎಲ್ಲವೂ ಅಕ್ಕನದೇ ಆಗಿದ್ದ ಮನೆಯಲ್ಲಿ ನನ್ನದು ಅನ್ನುವಂಥದ್ದು ಒಂದು ಬೇಕಿತ್ತು. ಆ ಬಸ್ಸಿನಲ್ಲಿ ಒಂದು ಸೀಟು ಸಿಕ್ಕರೆ ಸಾಕು ಅನ್ನಿಸುತ್ತಿತ್ತು. ನಾನು ನೇರವಾಗಿ ಮಾವನನ್ನೇ ಕೇಳಿಬಿಟ್ಟೆ. ಅವರು ಗೋಡೆ ನೋಡುತ್ತಾ, "ಇವಳಿಗೆ ಬಾಯಿ ಜಾಸ್ತಿ ಆಯ್ತು" ಎಂದರು.

ಮಾರನೆಯ ದಿನ ಅಕ್ಕ ಎಮ್ಮೆಗೆ ಏನು ಹೇಳಿದಳೋ ಗೊತ್ತಿಲ್ಲ. ಸಂಜೆ ಮಾವ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು, "ಒಬ್ಬಳು ಓಗ್ಲಿ. ಇನ್ನೊಬ್ಬಳು ಮನೆ ನೋಡ್ಕಳ್ಳಿ. ಫ್ಯಾಕ್ಟ್ರಿಯೋರೇ ಹೊಲಿಗೆ ಕೈ ನೋಡಿ ಯಾರು ಅಂತ ಹೇಳ್ಲಿ" ಎಂದರು. ಕೈ ನೋಡಿದರೆ ಹೋಗುವವಳು ಯಾರು ಅಂತ ಇಡೀ ಊರಿಗೇ ಗೊತ್ತಿತ್ತು. ಎಮ್ಮೆಗೆ ಹೇಳಿ ತನಗೇ ದಾರಿ ಮಾಡಿಕೊಂಡಳು ಎಂದು ಉರಿದುಹೋದೆ. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಪರೀಕ್ಷೆಗೆ ಇಬ್ಬರೂ ಒಟ್ಟಿಗೇ ಹೋದೆವು. ಉದ್ದನೆಯ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆದು ಕೊಟ್ಟಿದ್ದರು. ಕರೆಂಟಿನ ಮಿಷಿನ್ನಿನಲ್ಲಿ ಗೆರೆಯ ಮೇಲೇ ಹೊಲಿಯಬೇಕು. ಹೇಗೋ ಗೆರೆ ಹಿಡಿದು ಮುಗಿಸಿದೆ. ಎರಡು ಕಡೆ ಜಾರಿತ್ತು, ಪರವಾಗಿಲ್ಲ ಎಂದರು. ಆಮೇಲೆ ಅಕ್ಕ ಕೂತಳು. ಮಿಷಿನ್ನು ಒಂದೇ ಉಸಿರಿಗೆ ಓಡಿ ನಿಂತಿತು. ಸೂಪರ್‌ವೈಸರ್ ಬಟ್ಟೆ ಎತ್ತಿ ನೋಡಿ, "ಏನಮ್ಮಾ, ಗೆರೆ ಇರೋದೆಲ್ಲಿ, ನೀವು ಹೋಗಿರೋದೆಲ್ಲಿ?" ಎಂದು ನಕ್ಕ.

"ಕರೆಂಟ್ ಮಿಷಿನ್ನು ಸಾ, ಕಾಲಿಟ್ಟೇಟ್ಗೆ ಓಡೋಯ್ತದೆ," ಎಂದಳು ಅಕ್ಕ.

ಬಟ್ಟೆ ಮೇಜಿನ ಮೇಲಿತ್ತು. ನಾನೂ ನೋಡಿದೆ. ಮಿಷಿನ್ನು ಕೈ ಮೀರಿದವರ ಹೊಲಿಗೆ ಅತ್ತಿತ್ತ ಹೊಯ್ದಾಡಿರುತ್ತದೆ. ಇವಳದು ಗೆರೆಯ ತುದಿಯಿಂದ ಹೊರಟು ಬಟ್ಟೆಯ ಆಚೆ ಮೂಲೆಗೆ ವಾರೆಯಾಗಿ ಹೋಗಿತ್ತು, ಸ್ಕೇಲಿಟ್ಟು ಎಳೆದ ಹಾಗೆ. ಒಂದು ಹೊಲಿಗೆಯೂ ಆಚೀಚೆ ಇರಲಿಲ್ಲ. ಬೇಕೆಂದೇ ಮಾಡಿದ್ದಾಳೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. "ಸಾರ್, ಇನ್ನೊಂದು ಸಲ ಹೊಲಿಸಿ ನೋಡಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಬಾಯಿ ಜಾಸ್ತಿ ಎನ್ನಿಸಿಕೊಂಡವಳು ಆವತ್ತು ಬಾಯಿ ಬಿಡಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈಗ ಇದನ್ನು ಬರೆಯುತ್ತಿರಲಿಲ್ಲವೇನೋ. ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತಿದ್ದಾಗ ಹೆಂಗಸರು ಪರೀಕ್ಷೆ ಏನಾಯಿತು ಎಂದು ಕೇಳಿದರು. ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು, "ಪಾಪ, ನಮ್ಮಕ್ಕಂಗೆ ಗೆರೆ ಮೇಲೆ ಹೊಲಿಯೋಕೂ ಬರಲಿಲ್ಲ" ಎಂದು ನಕ್ಕೆ. ಆ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು. ಕೆಲವರು ಬ್ಲೌಸ್ ಪೀಸನ್ನು ರಾಮನಗರದ ಟೈಲರಿಗೆ ಕೊಡತೊಡಗಿದರು. ಮಾವ ಕೂಡ, ಊರಿಗೆಲ್ಲ ಹೊಲಿಯುವವಳು ಫ್ಯಾಕ್ಟರಿಯಲ್ಲಿ ಫೇಲಾದಳು ಎಂದು ನಕ್ಕರು. ಅಕ್ಕ ಗುಂಡುಸೂಜಿ ಕಚ್ಚಿಕೊಂಡು ಮಿಷಿನ್ನು ತುಳಿಯುತ್ತಲೇ ಇದ್ದಳು.

ಹನ್ನೊಂದು ವರ್ಷ ನಾನು ಆ ಬಸ್ಸು ಹತ್ತಿದೆ. ಹತ್ತುವ ಮೊದಲು ನನ್ನ ಊಟದ ಡಬ್ಬಿಯನ್ನು ಅವಳೇ ಕಟ್ಟಿಕೊಡುತ್ತಿದ್ದಳು. ನಾನೇ ಲೈನ್ ಸೂಪರ್‌ವೈಸರ್ ಆಗಿ ಬೇರೆ ಹುಡುಗಿಯರ ಕೈ ನೋಡುವಷ್ಟಾದೆ. ಆದರೂ ಸಂಜೆ ಮನೆಗೆ ಬಂದು ನೋಡಿದರೆ ಅತ್ತೆ, ಮಗಳು, ಪಕ್ಕದ ಮನೆಯವರು ಎಲ್ಲರೂ ಅವಳ ಮಿಷಿನ್ನಿನ ಸುತ್ತಲೇ ಕೂತಿರುತ್ತಿದ್ದರು. ನನ್ನ ಹೊಟ್ಟೆಕಿಚ್ಚಿಗೆ ವಯಸ್ಸಾಗಲಿಲ್ಲ.

ಆಮೇಲೆ ಅವಳಿಗೆ ಕಾಯಿಲೆ ಬಂತು. ಬೆಂಗಳೂರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ರಜೆ ಹಾಕಿ ಪಕ್ಕದಲ್ಲಿ ಕೂತೆ. ಅವಳು ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು, ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ.

"ಅಕ್ಕ, ಅವತ್ತು ನೀನು ಬೇಕು ಅಂತಲೇ ವಾರೆ ಹೊಲಿದ್ಯಾ?"

"ಹೂಂ."

"ಯಾಕಕ್ಕ?"

"ನೀನು ಮನೇಲೇ ಇದ್ದಿದ್ರೆ ನನ್ನ ಬಾಳಕ್ಕೆ ಬುಡ್ತಿದ್ಯೇನೆ?"

ನನಗೆ ನಗು ಬಂತು. ಅವಳೂ ನಕ್ಕಳು, ಕೆಮ್ಮಿದಳು. ನೀರು ಕುಡಿಸಿದೆ. ಸುಧಾರಿಸಿಕೊಂಡು ನನ್ನ ಮುಖವನ್ನೇ ನೋಡುತ್ತಾ ಹೇಳಿದಳು: "ನಂಗೂ ಆಸೆ ಇತ್ತು ಕಣೆ. ಎಂಥ ಮಿಷಿನ್ನು ಅದು! ದಿನಾ ಬೆಳಿಗ್ಗೆ ಆ ಬಸ್ಸು ಬಂದು ನಿಂತಾಗ ನಿನ್ನ ಕಂಡ್ರೆ ಹೊಟ್ಟೆ ಉರಿಯೋದು."

ಎಮ್ಮೆಗಲ್ಲ, ಗೋಡೆಗಲ್ಲ, ನನಗೇ ಹೇಳಿದಳು. ಅವಳು ಅಷ್ಟು ನೇರವಾಗಿ ಹೇಳಿದ ಮೇಲಾದರೂ ಡೈರಿಯ ಸಾಲಿನಲ್ಲಿ ನಾನು ಆಡಿದ ಮಾತನ್ನು ಒಪ್ಪಿಕೊಳ್ಳಬೇಕಿತ್ತು. ಬಾಯಿ ತೆರೆದೆ. "ಒಸಿ ಗಂಜಿ ಕುಡೀತೀಯಾ ಅಕ್ಕ?" ಎಂದು ಕೇಳಿದೆ.