ಸುಡದೆ ಉಳಿದ ಗರಿ

ಸಂಕ್ರಾಂತಿಗೆ ಮುನ್ನ ಮನೆಗೆ ಬಣ್ಣ ಹೊಡೆಸಬೇಕೆಂದು ದೇವರ ಕೋಣೆಯ ಪಟಗಳನ್ನು ಇಳಿಸುತ್ತಿದ್ದೆವು. ಶಿವಪಾರ್ವತಿಯರ ದೊಡ್ಡ ಪಟವನ್ನು ಮೊಳೆಯಿಂದ ಬಿಡಿಸಿದಾಗ ಅದರ ಬೆನ್ನಿಗಿದ್ದ ಹಳೆಯ ರಟ್ಟು ಕಳಚಿಕೊಂಡಿತು. ಅದರೊಳಗಿನಿಂದ ಏನೋ ಜಾರಿ ನನ್ನ ಪಾದದ ಮೇಲೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಈಚಲ ಗರಿಯ ಎರಡು ಸೀಳುಗಳನ್ನು ಒಂದರೊಳಗೊಂದು ಮಡಿಸಿ ಹೆಣೆದ, ಹೆಬ್ಬೆರಳಿಗಿಂತ ತುಸು ಉದ್ದನೆಯ ಶಿಲುಬೆ. ಬಣ್ಣ ಹುಣಸೆಯ ಸಿಪ್ಪೆಯಂತಾಗಿತ್ತು. ಮೂಗಿನ ಬಳಿಗೆ ತಂದೆ. ಹೊಗೆಯ ವಾಸನೆ ಬಂತು.

ದೇವರ ಕೋಣೆಯಲ್ಲಿದ್ದ ವಸ್ತುವಿಗೆ ಊದುಬತ್ತಿಯ ಹೊಗೆ ಹಿಡಿಯುವುದು ಸಹಜವೆಂದು ನನ್ನ ಹೆಂಡತಿ ಹೇಳಿದಳು. ನಾನು ಒಪ್ಪಲಿಲ್ಲ. ಅದು ಊದುಬತ್ತಿಯ ವಾಸನೆಯಲ್ಲ. ಸೌದೆ ಒಲೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತವರ ಸೀರೆಯಿಂದ ಬರುವ ವಾಸನೆ. ಗರಿಯನ್ನು ಅವಳ ಕೈಗಿಟ್ಟೆ. ಮೂಸಿದಳು. ಆಮೇಲೆ ನನ್ನ ಮುಖ ನೋಡದೆ, "ಅಡುಗೆಯಮ್ಮ..." ಎಂದಷ್ಟೇ ಹೇಳಿ ಕುಳಿತುಬಿಟ್ಟಳು.

ನಿವೃತ್ತಿಯ ನಂತರ ಹಿಂದೂಪುರಕ್ಕೆ ಬಂದವನು ನಾನು. ಅದಕ್ಕೆ ಮೊದಲು, ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಊರಿನ ಹೆಸರು ಬೇಡ. ಅಡುಗೆಯಮ್ಮ ಅಲ್ಲಿ ಮಕ್ಕಳ ಮಧ್ಯಾಹ್ನದ ಊಟ ಬೇಯಿಸುತ್ತಿದ್ದ ವಿಧವೆ. ತೀರ ಗಿಡ್ಡ ಹೆಂಗಸು. ದೊಡ್ಡ ಹಂಡೆಯೊಳಗೆ ನೋಡಬೇಕಾದರೆ ಒಂದು ಇಟ್ಟಿಗೆಯ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಊರಿನಲ್ಲಿ ಕಥೋಲಿಕ ಮತದವಳು ಆಕೆಯೊಬ್ಬಳೇ. ಭಾನುವಾರ ಮೊದಲ ಬಸ್ಸಿಗೆ ಕಲ್ಯಾಣದುರ್ಗದ ಚರ್ಚಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಹಿಂತಿರುಗುತ್ತಿದ್ದಳು. ಆ ಕಾರಣಕ್ಕೆ ಅವಳಿಗೆ ಊರು ಕೊಟ್ಟ ಅಡ್ಡಹೆಸರುಗಳು ನನಗೆ ನೆನಪಿವೆ. ಕೊಟ್ಟವರೂ ನೆನಪಿದ್ದಾರೆ.

ಆಕೆಗೊಂದು ಅಭ್ಯಾಸವಿತ್ತು. ಹಂಡೆಗೆ ಅಕ್ಕಿ ಸುರಿದ ಮೇಲೆ, ಮೊದಲ ಕುದಿ ಬರುವ ತನಕ, ಅಡುಗೆಮನೆಯ ಸುಣ್ಣದ ಗೋಡೆಗೆ ಹಣೆಯೊತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅಮ್ಮ ಗೋಡೆಯ ಜೊತೆ ಮಾತಾಡುತ್ತಾಳೆಂದು ಮಕ್ಕಳು ನಗುತ್ತಿದ್ದರು. ಒಮ್ಮೆ ನಾನೇ ಕೇಳಿದೆ. "ಅನ್ನ ಕುದಿಯೋದು ಗೋಡೇಲಿ ಕೇಳ್ತದೆ ಸಾರ್, ನೀವೂ ಹಣೆ ಇಟ್ಟು ನೋಡ್ರಿ" ಎಂದು ಆಕೆ ನಕ್ಕಳು. ನಾನು ಇಟ್ಟು ನೋಡಲಿಲ್ಲ. ಮುಖ್ಯೋಪಾಧ್ಯಾಯನಿಗೆ ಅದು ಶೋಭಿಸದು ಎಂದುಕೊಂಡಿದ್ದೆ.

ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬುದು ನಿಯಮ. ಆ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಆಕೆಯ ಅನ್ನ ಒಂದು ದಿನವೂ ಸೀದಿರಲಿಲ್ಲ. ಇದನ್ನು ನಾನು ಆಗ ಹೇಳಬೇಕಾಗಿತ್ತು, ಈಗ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಈಸ್ಟರಿಗೆ ಒಂದು ವಾರ ಮೊದಲು ಚರ್ಚಿನಲ್ಲಿ ಗರಿಗಳ ಹಬ್ಬವಾಗುತ್ತಿತ್ತು. ಅಲ್ಲಿ ಮಂತ್ರಿಸಿ ಕೊಟ್ಟ ಗರಿಯನ್ನು ಆಕೆ ಶಿಲುಬೆಯ ಆಕಾರಕ್ಕೆ ಹೆಣೆದು ನನ್ನ ಹೆಂಡತಿಗೆ ತಂದುಕೊಡುತ್ತಿದ್ದಳು. ನನ್ನ ಹೆಂಡತಿ ಅದನ್ನು ಶಿವಪಾರ್ವತಿಯರ ಪಟದ ಹಿಂದೆ ಸಿಕ್ಕಿಸುತ್ತಿದ್ದಳು. ಒಂದು ಗರಿಯಿಂದ ಶಿವನಿಗೇನೂ ಕಡಿಮೆಯಾಗದು ಎಂಬುದು ನಮ್ಮಿಬ್ಬರ ಅಭಿಪ್ರಾಯವಾಗಿತ್ತು. ಮರುವರ್ಷ ಅವರ ಉಪವಾಸದ ದಿನಗಳು ಆರಂಭವಾಗುವ ಮೊದಲು ಆಕೆ ಬಂದು ಆ ಒಣಗಿದ ಗರಿಯನ್ನು ಹಿಂದಕ್ಕೆ ಕೇಳುತ್ತಿದ್ದಳು. ಮನೆಮನೆಯ ಹಳೆಯ ಗರಿಗಳೆಲ್ಲ ಚರ್ಚಿನಲ್ಲಿ ಸುಟ್ಟು ಬೂದಿಯಾಗಬೇಕು. ಬೂದಿ ಬುಧವಾರದಂದು ಅದೇ ಬೂದಿಯಿಂದ ಪಾದ್ರಿಗಳು ಎಲ್ಲರ ಹಣೆಗೂ ಶಿಲುಬೆಯ ಗುರುತಿಡಬೇಕು. "ಹೋದೊರ್ಸದ ಹಸಿರೇ ಈ ವರ್ಸದ ಬೂದಿ ಕಣಮ್ಮ" ಎಂದು ಆಕೆ ನನ್ನ ಹೆಂಡತಿಗೆ ಹೇಳಿದ್ದು ನಾನು ಪಡಸಾಲೆಯಲ್ಲಿ ಕುಳಿತೇ ಕೇಳಿಸಿಕೊಂಡಿದ್ದೆ. ಅಂದರೆ ನನಗೆ ಗೊತ್ತಿತ್ತು. ಇದನ್ನು ಓದುಗರು ಗಮನದಲ್ಲಿಡಬೇಕು.

ಕೊನೆಯ ವರ್ಷ ಆಕೆ ಕೇಳಿದಾಗ ಗರಿ ಸಿಗಲಿಲ್ಲ. ಪಟದ ಹಿಂದೆ ಕೈಯಾಡಿಸಿದೆವು, ಅಟ್ಟ ಹುಡುಕಿದೆವು. ರಟ್ಟಿನ ಸಂದಿಗೆ ಜಾರಿರಬಹುದೆಂದು ನಮಗೆ ಹೊಳೆಯಲಿಲ್ಲ. ನನ್ನ ಹೆಂಡತಿ ಪೇಚಾಡಿಕೊಂಡಳು. ಆಕೆ ಮಾತ್ರ, "ಇರ್ಲಿ ಬಿಡಮ್ಮ. ಸಿಕ್ಕಿದಾಗ ಸಾರೇ ತಂದ್ಕೊಡ್ತಾರೆ" ಎಂದು ಹೋದಳು.

ಆ ಬುಧವಾರ ಆಕೆ ಎಂದಿನಂತೆ ಮೊದಲ ಬಸ್ಸಿಗೆ ಹೋಗಿ ಒಲೆ ಹಚ್ಚುವ ಹೊತ್ತಿಗೆ ಹಿಂತಿರುಗಿದ್ದಳು. ಹಣೆಯ ಮೇಲೆ ಕಪ್ಪು ಶಿಲುಬೆ ಇನ್ನೂ ಹಸಿಯಾಗಿತ್ತು. ಅಕ್ಕಿ ಸುರಿದಳು, ಗೋಡೆಗೆ ಹಣೆಯೊತ್ತಿ ನಿಂತಳು. ಆಕೆ ಸರಿದಾಗ ಗೋಡೆಯ ಮೇಲೆ ಆ ಗುರುತು ಮೂಡಿತ್ತು. ಆಕೆ ಗಮನಿಸಲಿಲ್ಲ. ಮರುದಿನ ಅಕ್ಕಿಮೂಟೆಗಳನ್ನು ನೋಡಲು ಬಂದ ಶಾಲಾ ಸಮಿತಿಯ ಅಧ್ಯಕ್ಷರು ಗಮನಿಸಿದರು. ಊರಿನ ಕಿರಾಣಿ ಅಂಗಡಿಯ ಯಜಮಾನರು ಅವರು. ಮೂರು ಬೆರಳಿನ ವಿಭೂತಿಯಿಲ್ಲದೆ ಮನೆಯಿಂದ ಹೊರಬಿದ್ದವರಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನನಗೆ ಒಂದು ಮಾತೂ ಹೇಳಲಿಲ್ಲ.

ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋ ಇತ್ತು. ಮಕ್ಕಳ ಅಡುಗೆಮನೆಯಲ್ಲಿ ಸುಡುಗಾಡಿನ ಬೂದಿ ಎಂದು ಅದರ ಕೆಳಗೆ ಬರೆದಿದ್ದರು. ಇದು ಚೇತಬಡಿ, ಮಾಟ ಎಂದು ಒಬ್ಬರು ತೆಲುಗಿನಲ್ಲಿ ಬರೆದರು. ಫಾದರ್ ಮಂದಿ ಸತ್ತವರ ಮೂಳೆಗೆ ಮುತ್ತಿಡುತ್ತಾರೆ, ಆ ಬೂದಿಯನ್ನು ಅನ್ನಕ್ಕೆ ಬೆರೆಸಿದರೆ ಮಕ್ಕಳು ತಾವಾಗಿಯೇ ಆ ಕಡೆಗೆ ನಡೆದುಹೋಗುತ್ತವೆ ಎಂದು ಇನ್ನೊಬ್ಬರು ಧ್ವನಿಸಂದೇಶ ಕಳಿಸಿದರು. ಆ ಧ್ವನಿ ಯಾರದೆಂದು ನಾನು ಬಲ್ಲೆ. ಅವರ ಮೂವರು ಮಕ್ಕಳೂ ಆಕೆಯ ಕೈಯ ಅನ್ನ ಉಂಡೇ ಐದನೆಯ ತರಗತಿ ದಾಟಿದ್ದರು. ಮನೆಮನೆಯಲ್ಲೂ ಹಣೆಗೆ ಬೂದಿ ಬಳಿಯುವ ಊರು, ಒಬ್ಬ ಹೆಂಗಸಿನ ಹಣೆಯ ಬೂದಿಯನ್ನು ಕಂಡು ಸುಡುಗಾಡನ್ನು ನೆನೆಯಿತು.

ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಯಾರು ಎಲ್ಲಿ ಕುಳಿತಿದ್ದರೆಂದು ಇವತ್ತಿಗೂ ಚಿತ್ರ ಬರೆದು ತೋರಿಸಬಲ್ಲೆ. ಆಕೆ ಕಂಬದ ಬಳಿ ನಿಂತಿದ್ದಳು. ಕುಳಿತುಕೋ ಎಂದು ಒಬ್ಬರೂ ಹೇಳಲಿಲ್ಲ. ಅಧ್ಯಕ್ಷರೇ ಮೊದಲು ಮಾತೆತ್ತಿದರು.

"ಅದು ಯಾರ ಬೂದಿ ಕಣಮ್ಮ?"

"ಯಾರ್ದೂ ಅಲ್ಲ ಸಾಮಿ. ಗರಿ ಬೂದಿ. ಮಣ್ಣಿಂದ ಬಂದೋಳು ಮಣ್ಣಿಗೇ ಹೋಯ್ತೀಯ, ಮರೀಬ್ಯಾಡ ಅಂತ ಇಡ್ತಾರೆ."

"ಕೇಳಿದ್ರೇನ್ರಪ್ಪ? ಬಾಯಲ್ಲೇ ಸಾವು ಬತ್ತಾ ಐತೆ. ನಮ್ ಹಣೆ ಮೇಲೆ ಅಡ್ಡ ಮೂರು ಗೀಟು. ಅದನ್ನ ಹೊಡೆದಾಕಕ್ಕೆ ಇವಳದು ಉದ್ದಕ್ಕೊಂದು."

ಕೆಲವರು ನಕ್ಕರು. ಆಗ ಯಾರೋ ಊರ ಹೊರಗಿನ ಪ್ರಾರ್ಥನಾ ಮಂದಿರದ ಬೋಧಕನನ್ನು ಕರೆಸಿದರು. ಅವನೂ ಏಸುವನ್ನೇ ನಂಬುವವನಲ್ಲವೇ, ಬೂದಿಯ ವಿಚಾರ ಅವನೇ ಹೇಳಲಿ ಎಂದರು. ಆಕೆಯ ಮುಖದಲ್ಲಿ ಸ್ವಲ್ಪ ಧೈರ್ಯ ಮೂಡಿದ್ದನ್ನು ಕಂಡೆ. ಬೋಧಕ ಬಂದು ಕೈಕಟ್ಟಿ ನಿಂತ. ಹಿಂದಿನ ತಿಂಗಳಷ್ಟೇ ಅವನ ಮಂದಿರದ ಮೈಕನ್ನು ಇದೇ ಜನ ಬಿಚ್ಚಿಸಿದ್ದರು.

"ಆ ಫಾದರ್ ಕಡೆಯೋರು ಬೇರೆ, ಮೇಮು ವೇರೆ ಕಣ್ರಪ್ಪ. ಅವ್ರು ಬೊಮ್ಮೆಗೆ ಮೊಣಕಾಲೂರ್ತಾರೆ, ಸತ್ತೋರ್ನ ಬೇಡ್ಕೋತಾರೆ. ನಮ್ಮಲ್ಲಿ ಬೂದಿ ಗೀದಿ ಲೇದು."

ಅವನ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದದ್ದನ್ನೆಲ್ಲ ಕ್ಷಮಿಸಬೇಕೆಂದು ಎಲ್ಲೂ ಬರೆದಿಲ್ಲ.

ಆಮೇಲೆ ಆಕೆ ನನ್ನ ಕಡೆ ತಿರುಗಿದಳು. "ಸಾರ್‌ಗೆ ಗೊತ್ತು. ಸಾರ್ ಮನೇಲೂ ಗರಿ ಐತೆ, ಶಿವನ ಪಟದ ಹಿಂದೆ. ಅಮ್ಮಾರು ವರ್ಸ ವರ್ಸ ನಂಗೆ ಕೊಡ್ತಾರೆ. ಅದೇ ಬೂದಿ. ಕೇಳ್ರಿ."

ಜಗಲಿಯಲ್ಲಿದ್ದ ಮುಖಗಳೆಲ್ಲ ನನ್ನತ್ತ ತಿರುಗಿದವು. ಅಧ್ಯಕ್ಷರ ಹುಬ್ಬು ಮೇಲೇರಿತು. ಅಡುಗೆಮನೆಯಲ್ಲಿ ಹಂಡೆಯ ಮುಚ್ಚಳ ಒಂದೇ ಸಮನೆ ಅದುರುತ್ತಿತ್ತು. ಒಲೆಯಲ್ಲಿ ಬೆಂಕಿಯಿರಲಿಲ್ಲ ಎಂದು ಆಮೇಲೆ ತಿಳಿಯಿತು... ನಾನು ಕನ್ನಡಕ ಒರೆಸಿಕೊಂಡೆ. ಅಡುಗೆಯವರ ನೇಮಕ ಸಮಿತಿಗೆ ಸೇರಿದ ವಿಷಯ, ನಿಯಮದಂತೆ ಸಮಿತಿಯೇ ತೀರ್ಮಾನಿಸಲಿ ಎಂದೆ. ಗರಿಯ ಬಗ್ಗೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ಹೊತ್ತಿಗೆ ಗರಿ ನಿಜಕ್ಕೂ ಕಳೆದುಹೋಗಿತ್ತಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ವಾದಿಸಿಕೊಂಡಿದ್ದೇನೆ.

ಆಕೆಯನ್ನು ಕೆಲಸದಿಂದ ಬಿಡಿಸಿದರು. ಆಕೆ ಹಂಡೆ ತೊಳೆದು ಕವುಚಿಟ್ಟಳು. ಗೋಡೆಯ ಗುರುತನ್ನು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಬತ್ತೀನಿ ಸಾರ್" ಎಂದಳು. ಹೊರಡುವವರೆಲ್ಲ ಆಡುವ ಮಾತು ಅದು.

ಸೋಮವಾರ ಸಮಿತಿಯ ಸೂಚನೆಯಂತೆ ಗೋಡೆಗೆ ಸುಣ್ಣ ಹೊಡೆಸಿದೆ. ಗುರುವಾರ ಗುರುತು ಮತ್ತೆ ಕಾಣಿಸಿತು. ಎರಡನೆಯ ಸಲ ಹೊಡೆಸಿದೆ. ಮತ್ತೆ ಬಂತು, ಮೊದಲಿಗಿಂತ ಸ್ಪಷ್ಟವಾಗಿ. ಮೂರನೆಯ ಸಲ ನಾನೇ ಎದುರಿಗೆ ನಿಂತು ದಪ್ಪಗೆ ಬಳಿಸಿದೆ. ಎಣ್ಣೆ ಬೆರೆತ ಮಸಿ ಸುಣ್ಣವನ್ನು ಹಾದು ಮೇಲೆ ಬರುವುದುಂಟು ಎಂಬುದು ವಿಜ್ಞಾನ ಕಲಿಸಿದ ನನಗೆ ತಿಳಿಯದ ವಿಷಯವಲ್ಲ. ಆದರೆ ಅದೇ ಗೋಡೆಯಲ್ಲಿ ಒಲೆಯ ಮಸಿ ಮೊಳದುದ್ದ ಹಿಡಿದಿತ್ತು. ಅದು ಒಂದೇ ಸಲಕ್ಕೆ ಮುಚ್ಚಿಹೋಯಿತು. ಇದು ಮಾತ್ರ ಬರುತ್ತಿತ್ತು. ಮಕ್ಕಳು ಮನೆಗೆ ಹೋದ ಮೇಲೆ ಅಳತೆಕೋಲು ಹಿಡಿದು ನೋಡಿದೆ. ನೆಲದಿಂದ ನಾಲ್ಕು ಅಡಿ ಏಳು ಅಂಗುಲ, ಆಕೆಯ ಹಣೆಯ ಎತ್ತರ.

ಹೊಸದಾಗಿ ಬಂದ ಅಡುಗೆಯವಳು ಆ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತಿರಲಿಲ್ಲ. ಅವಳ ಅನ್ನ ಚೆನ್ನಾಗಿಯೇ ಇತ್ತು. ಮಕ್ಕಳು ಸದ್ದಿಲ್ಲದೆ ಉಂಡರು. ನನ್ನ ಬಾಯಿಗೆ ಮಾತ್ರ, ಅಂದಿನಿಂದ ನಿವೃತ್ತನಾಗುವವರೆಗೆ, ಪ್ರತಿ ಮಧ್ಯಾಹ್ನದ ಮೊದಲ ತುತ್ತು ಬೂದಿಯ ರುಚಿಯಾಗಿತ್ತು. ನಿಯಮದಂತೆ ರುಚಿ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದೆ...

ಗರಿ ಸಿಕ್ಕಿದ ಮೂರನೆಯ ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಿಂದೂಪುರದಲ್ಲಿ ಬಸ್ಸು ಹತ್ತಿದೆ. ಪೆನುಕೊಂಡದಲ್ಲಿ ಇಳಿದು ಬಸ್ಸು ಬದಲಿಸಿದೆ. ಪಕ್ಕದ ಸೀಟಿನವನು ಎಲ್ಲೋ ಸುಟ್ಟ ವಾಸನೆ ಎಂದು ಎರಡು ಸಲ ಕಿಟಕಿಯಾಚೆ ಬಗ್ಗಿ ನೋಡಿದ. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡೆ. ಕಲ್ಯಾಣದುರ್ಗದಲ್ಲಿ ಚರ್ಚಿನ ಹಿಂದಿನ ಬೀದಿಯಲ್ಲಿ ಆಕೆ ಊರು ಬಿಟ್ಟು ಸೇರಿದ್ದ ತಮ್ಮನ ಮನೆ ಎಂದು ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೂ ಹೋಗಿರಲಿಲ್ಲ.

ಬಾಗಿಲಲ್ಲಿ ತಮ್ಮನ ಹೆಂಡತಿ ಕುಳಿತು ಹುಣಸೆಬೀಜ ಬಿಡಿಸುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ ಎದ್ದು ನಿಂತಳು. ಆಕೆ ಎಲ್ಲಿ ಎಂದು ಕೇಳಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಆ ಊರು ಬಿಟ್ಟ ಮೇಲೆ ಆಕೆಗೆ ಯಾರೂ ಅಡುಗೆಯ ಕೆಲಸ ಕೊಡಲಿಲ್ಲವಂತೆ. ಫೋಟೋ ಇಲ್ಲಿಗೂ ಬಂದಿತ್ತಂತೆ. ನಾನು ಗರಿ ತೆಗೆದು ಅಂಗೈಯಲ್ಲಿ ಹಿಡಿದೆ. ಅವಳು ಬೆಚ್ಚಲಿಲ್ಲ.

"ಸಾರ್ ಒಂದು ಗರಿ ಇಟ್ಕೊಂಡವ್ರೆ, ತಂದ್ಕೊಡ್ತಾರೆ ಅಂತಿದ್ಲು ಸಾರ್. ಹೋಗೋ ದಿನಾನೂ ಅಂದ್ಲು. ವರ್ಸ ವರ್ಸ ಬೂದಿ ಬುದುವಾರದ ಮುಂಚೆ ಬಾಗಿಲು ತೆಗೆದೇ ಇಟ್ಟಿರ್ತಿದ್ಲು."

"ಬೈಯುತ್ತಿದ್ದಳಾ?" ಎಂದು ಕೇಳಿದೆ.

"ಇಲ್ಲ ಸಾರ್. ಬೈದಿದ್ರೆ ಚೆನ್ನಾಗಿರೋದು."

ಈ ವರ್ಷ ಸುಡುವ ಹಳೆಯ ಗರಿಗಳ ಜೊತೆ ಚರ್ಚಿಗೆ ಕೊಡುತ್ತೇನೆಂದು ಹೇಳಿ ಅವಳು ಅದನ್ನು ತೆಗೆದುಕೊಂಡಳು. ಒಳಗೆ ಬನ್ನಿ ಎಂದು ಕರೆಯಲಿಲ್ಲ. ಅದನ್ನೂ ನೆನಪಿಟ್ಟುಕೊಂಡಿದ್ದೇನೆ, ಆದರೆ ಇಷ್ಟು ವರ್ಷ ಇತರರ ತಪ್ಪುಗಳನ್ನು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಇದನ್ನು ಸೇರಿಸಿಲ್ಲ. ಆ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದವನು ಕನ್ನಡಕ ಒರೆಸಿಕೊಳ್ಳುತ್ತಿದ್ದನು.

ಹಿಂದೂಪುರಕ್ಕೆ ಮರಳಿದಾಗ ಬಣ್ಣದವನು ಕೆಲಸ ಮುಗಿಸಿ ಹೊರಟಿರಬೇಕಾಗಿತ್ತು. ಅವನು ದೇವರ ಕೋಣೆಯಲ್ಲಿ ಬ್ರಷ್ಷು ಹಿಡಿದು ಗೋಡೆಯನ್ನೇ ನೋಡುತ್ತ ನಿಂತಿದ್ದ. ಪಟ ತೂಗುತ್ತಿದ್ದ ಜಾಗವಲ್ಲ. ಅದಕ್ಕಿಂತ ಬಹಳ ಕೆಳಗೆ.

"ಎರಡು ಕೋಟ್ ಹೊಡ್ದೆ ಸಾರ್. ಇದೇನೋ ಮಚ್ಚೆ, ಬತ್ತಾನೇ ಐತೆ. ಇನ್ನೊಂದು ಕೋಟ್ ಹೊಡೀಲಾ?"

ಮೇಜಿನ ಖಾನೆಯಿಂದ ಅಳತೆಯ ಟೇಪು ತೆಗೆದೆ. ಗೋಡೆಯ ಬಳಿಗೆ ಹೋಗಿ, ಬಿಚ್ಚದೆಯೇ ಅದನ್ನು ಜೇಬಿಗೆ ಹಾಕಿಕೊಂಡೆ. ಇನ್ನು ಹೊಡೆಯುವುದು ಬೇಡ, ಹಾಗೆಯೇ ಇರಲಿ ಎಂದು ಅವನಿಗೆ ಹೇಳಿದೆ. ಅವನು ಸಾಮಾನು ಕಟ್ಟಿಕೊಂಡು ಹೋದ ಮೇಲೆ, ಮಂಡಿ ಬಗ್ಗಿಸಿ ತಗ್ಗಿ, ಹಸಿ ಬಣ್ಣದ ಗೋಡೆಗೆ ಹಣೆಯೊತ್ತಿ ನಿಂತೆ. ಆಕೆ ಹೇಳಿದ್ದು ಸುಳ್ಳಲ್ಲ... ಒಳಮನೆಯಲ್ಲಿ ನನ್ನ ಹೆಂಡತಿ ಒಲೆಯ ಮೇಲಿಟ್ಟಿದ್ದ ಅನ್ನ ಕುದಿಯುವುದು ಗೋಡೆಯಲ್ಲಿ ಕೇಳುತ್ತಿತ್ತು. ಆಕೆ ಇದ್ದಾಗ ನಾನು ಒಂದು ದಿನವೂ ಕಿವಿಗೊಟ್ಟಿರಲಿಲ್ಲ.