ಏಳುನೂರ ಅರವತ್ತೈದರಲ್ಲಿ ಧಾರವಾಡ

ಮಸ್ಕತ್ತಿನ ಅಂಚಿನ ಸೀಬ್‌ಗೆ ತಿರುಗುವ ವೃತ್ತದಲ್ಲಿ ವಾಹನಗಳು ನಿಂತಿದ್ದವು. ಪಕ್ಕದ ಪಿಕಪ್‌ನಲ್ಲಿ ಆಡುಗಳಿದ್ದವು, ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಆಗಷ್ಟೇ ಸೂರ್ಯ ಮುಳುಗಿದ್ದ. ನನ್ನ ಹಳೆಯ ಕಾರಿನ ರೇಡಿಯೋ ಇದ್ದಕ್ಕಿದ್ದಂತೆ ಕನ್ನಡದಲ್ಲಿ, ಕುಸುಬೆ ಬೆಳೆಗೆ ಹೇನು ಹತ್ತಿದರೆ ಏನು ಸಿಂಪಡಿಸಬೇಕೆಂದು ಹೇಳತೊಡಗಿತು.

"ಸರ, ಗಾಡಿ ಬಾಜೂಕ ಹಚ್ಚರಿ! ಇದು ನಮ್ಮ ಧಾರವಾಡ!" ಎಂದರು ಪಕ್ಕದಲ್ಲಿದ್ದ ಬಸವರಾಜ್.

ನಾನು ಒಮಾನಿಗೆ ಬಂದು ಆಗ ನಾಲ್ಕು ತಿಂಗಳು. ನಮ್ಮ ಕಚೇರಿಯಲ್ಲಿ ನಕ್ಷೆ ಬರೆಯುವ ಬಸವರಾಜ್ ನನ್ನ ಕಾರಿನಲ್ಲೇ ಹೋಗಿ ಬರುತ್ತಿದ್ದರು. ಕತ್ತಲಾದ ಮೇಲೆ ಮೀಡಿಯಂ ವೇವ್ ಸಮುದ್ರ ದಾಟಿ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ ರೇಡಿಯೋ ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು; ಕೇಳುವವರು ಅದರ ಹತ್ತಿರ ಬರುತ್ತಿದ್ದರು. ಇಲ್ಲಿ ತರಕಾರಿಗೂ ಕಾರು, ಸ್ನೇಹಕ್ಕೂ ಕಾರು. ಮನೆಯೊಳಗೆ ಕಾಂಕ್ರೀಟು ಮತ್ತು ಏಸಿಯ ಗೊರಗೊರ ಸೇರಿ ಟ್ರಾನ್ಸಿಸ್ಟರನ್ನು ಮೂಕ ಮಾಡುತ್ತವೆ. ಊರಿನ ದನಿ ಸಿಗುವುದು ರಸ್ತೆಯಲ್ಲಿ ಮಾತ್ರ.

ಬೇಸಿಗೆಯ ಬಿಸಿಲಿಗೆ ಕಾರಿನ ಆ ರೇಡಿಯೋ ಸೆಟ್ಟು ಸತ್ತಿತು. ನಾನು ಹಾಗೇ ಬಿಟ್ಟಿದ್ದೆ. ಚಳಿಗಾಲದಲ್ಲಿ ಬಸವರಾಜರೇ ಹೊಸದು ಹಾಕಿಸಿ ಎಂದು ಒತ್ತಾಯಕ್ಕೆ ಬಿದ್ದರು. ಅವರ ಹೆಂಡತಿ ಶೈಲಜಾ ಧಾರವಾಡದಲ್ಲಿ ಹೈಸ್ಕೂಲ್ ಶಿಕ್ಷಕಿ. ಹವ್ಯಾಸಿ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದವರಿಗೆ ರೇಡಿಯೋ ನಾಟಕವೊಂದರಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು. ಬುಧವಾರ ಅಲ್ಲಿ ರಾತ್ರಿ ಎಂಟಕ್ಕೆ, ಎಂದರೆ ಇಲ್ಲಿ ಸಂಜೆ ಆರೂವರೆಗೆ ಪ್ರಸಾರ.

"ಫೋನಿನಾಗ ಏನಂದ್ಲು ಗೊತ್ತೇನ್ರಿ? ಕೇಳಿದ್ರ ಕೇಳೀನಿ ಅನ್ರಿ, ಇಲ್ಲಾಂದ್ರ ಭಾಳ ಚಂದಿತ್ತು ಅಂತ ಸುಳ್ಳ ಹೇಳಬ್ಯಾಡ್ರಿ ಅಂದ್ಲು. ಹೋದ ಸಲ ಸುಳ್ಳ ಹೇಳಿ ಸಿಕ್ಕಬಿದ್ದೀನ್ರಿ."

ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಗುರುವಾರ ಬೆಳಿಗ್ಗೆ ವಾದಿ ಕಬೀರ್‌ನ ಗ್ಯಾರೇಜುಗಳ ಸಾಲಿಗೆ ಹೋದೆವು. ಕಣ್ಣೂರಿನ ಹಂಝಾಕ ಎಂಬವರ ಅಂಗಡಿಯಲ್ಲಿ ನನ್ನ ಕೈಗೆಟುಕುವ ಸೆಟ್ಟುಗಳು ಎರಡಿದ್ದವು. ಎರಡರಲ್ಲೂ ಡಿಜಿಟಲ್ ರೇಡಿಯೋ. ಮುಳ್ಳಿನ ಬದಲು ಅಂಕಿ. ಒಂದು ಬೂದು ಬಣ್ಣದ್ದು, ಬರೀ ಕ್ಯಾಸೆಟ್ಟಿನದು. ಇನ್ನೊಂದು ಅಮೆರಿಕದಿಂದ ಕಂಟೇನರಿನಲ್ಲಿ ಬಂದದ್ದು. ಅದಕ್ಕೆ ಸಿಡಿ ಇತ್ತು, ಹಸಿರು ಅಂಕಿಗಳು ಹೊಳೆಯುತ್ತಿದ್ದವು. ಹಂಝಾಕ ಅದರಲ್ಲಿ ಎಫ್.ಎಂ. ಹಾಕಿದರು. ಕಾರಿನ ಬಾಗಿಲುಗಳು ಅದುರಿದವು.

"ಖಲಾಸ್," ಎಂದರು ಬಸವರಾಜ್. ಮುಗಿಯಿತು, ಇದೇ ಸರಿ ಎಂಬುದಕ್ಕೆ ಇಲ್ಲಿ ಎಲ್ಲರೂ ಬಳಸುವ ಅರಬಿ ಮಾತು.

ಶನಿವಾರ ಸಂಜೆ ಕಚೇರಿಯಿಂದ ಹೊರಟಾಗ ಧಾರವಾಡ ಹುಡುಕಿದೆವು. ಅದು ಇರುವುದು ಮೀಡಿಯಂ ವೇವ್‌ನ ಏಳುನೂರ ಅರವತ್ತೈದು ಕಿಲೋಹರ್ಟ್ಸ್‌ನಲ್ಲಿ. ಗುಂಡಿ ಒತ್ತಿದರೆ ಅಂಕಿ ಏಳುನೂರ ಅರವತ್ತಕ್ಕೆ ಬಂತು, ಮತ್ತೆ ಒತ್ತಿದರೆ ಎಪ್ಪತ್ತಕ್ಕೆ ಹಾರಿತು. ಎರಡು ಕಡೆಯೂ ಶಿಳ್ಳೆ, ಅದರ ಹಿಂದೆ ಗೋಡೆಯಾಚೆ ಯಾರೋ ಮಾತಾಡಿದಂಥ ಸದ್ದು.

"ನಡುವಿಂದು ನುಂಗಿಬಿಟ್ಟೈತಲ್ರಿ ಇದು!" ಬಸವರಾಜ್ ಮತ್ತೆ ಮತ್ತೆ ಒತ್ತಿದರು. ಅಂಕಿ ಹಾರುತ್ತಲೇ ಇತ್ತು.

ಮಂಗಳವಾರ ಊಟದ ಬಿಡುವಿನಲ್ಲಿ ಅಂಗಡಿಗೆ ಓಡಿದೆವು. ಹಂಝಾಕ ನಕ್ಕರು. "ಅರೇ ಭಾಯಿ, ಪೆಹಲೇ ಬೋಲ್‌ನಾ ಥಾ ನಾ! ಅಮೆರಿಕಾ ಕಾ ಹೈ, ದಸ್ ದಸ್ ಚಲ್ತಾ ಹೈ. ಹಮಾರಾ ನೌ ನೌ." ಅಮೆರಿಕದ ಸೆಟ್ಟು ಹತ್ತತ್ತರ ಹೆಜ್ಜೆ ಇಡುತ್ತದೆ, ನಮ್ಮ ಕಡೆಯ ಕೇಂದ್ರಗಳು ಒಂಬತ್ತೊಂಬತ್ತರ ಅಂತರದಲ್ಲಿ ಕೂತಿವೆ.

ಮೀಡಿಯಂ ವೇವ್ ಬೇಕೆಂದು ನಾವು ಅವರಿಗೆ ಹೇಳಿರಲೇ ಇಲ್ಲ. ಊರಿನ ರೇಡಿಯೋ ಹಗಲಿನಲ್ಲಿ ಬರುವುದಿಲ್ಲವೆಂದು, ಹಗಲಿನಲ್ಲಿ ಬರುವ ಎಫ್.ಎಂ. ಕೇಳಿ ಸೆಟ್ಟು ಆರಿಸಿದ್ದೆವು. ಮೈಸೂರಿನ ಪತ್ರಿಕೆಯಲ್ಲಿ ಹನ್ನೊಂದು ವರ್ಷ, ಸುದ್ದಿ ನಿಲ್ಲುವುದು ಯಾವ ಒಂದು ಸಂಗತಿಯ ಮೇಲೋ ಅದನ್ನು ಮೊದಲು ಖಚಿತ ಮಾಡಿಕೊಳ್ಳಿ ಎಂದು ಕಿರಿಯರಿಗೆ ಹೇಳಿದವನು ನಾನು.

ಹಂಝಾಕ ತಕರಾರಿಲ್ಲದೆ, ಒಂಬತ್ತರ ಹೆಜ್ಜೆಯ ಬೂದು ಸೆಟ್ಟು ಕೂರಿಸಿಕೊಟ್ಟರು.

"ನನ್ನ ಸಲುವಾಗಿ ನಿಮ್ಮ ಸಿಡಿ ಹೋತಲ್ರಿ ಸರ."

"ಬಿಡಿ ಬಸವರಾಜ್, ನನ್ನ ಹತ್ರ ಇರೋದೇ ಎರಡು ಸಿಡಿ. ಅದರಲ್ಲಿ ಒಂದು ಕಂಪ್ಯೂಟರಿನದು."

ಬುಧವಾರ ವಿದ್ಯುತ್ ತಂತಿಗಳಿಂದ ದೂರ, ಸೀಬ್ ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿದೆ. ಏಳುನೂರ ಅರವತ್ತೈದು ಮೂಡಿತು. ಮೊದಲ ಹತ್ತು ನಿಮಿಷ ಯಾವುದೋ ಅರಬಿ ಕೇಂದ್ರ ಅಡ್ಡ ಬಂತು. ಬಸವರಾಜ್ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು ಕೂತರು. ಬಳಿಕ ಒಂದು ಹೆಣ್ಣುದನಿ ತೆರೆಯಂತೆ ಏರಿ, ಇಳಿದು, ಮತ್ತೆ ಏರಿತು. ನಾಟಕದ ಗಂಡನನ್ನು ಅದು ತರಾಟೆಗೆ ತೆಗೆದುಕೊಳ್ಳುತ್ತಿತ್ತು.

"ಹೌದವಾ, ತಪ್ಪಾತು," ಎಂದರು ಬಸವರಾಜ್, ರೇಡಿಯೋಗೆ.

ನಾಟಕ ಮುಗಿದದ್ದೇ ಅವರು ಕೈಚಾಚಿ ಎಫ್.ಎಂ.ಗೆ ತಿರುಗಿಸಿದರು. ಮಸ್ಕತ್ತಿನಲ್ಲಿ ಒಮಾನ್ ತಂಡದ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ವಿವರಣೆ ಅರಬಿಯಲ್ಲಿ; ನಮಗಿಬ್ಬರಿಗೂ ಅರ್ಥವಾಗುತ್ತಿದ್ದದ್ದು ಆಟಗಾರರ ಹೆಸರುಗಳಷ್ಟೇ. ಅಷ್ಟರಲ್ಲಿ ಅವರ ಮೊಬೈಲ್ ಹೊಡೆದುಕೊಂಡಿತು.

"ಮೊದಲ ಏನೂ ಕೇಳಲಿಲ್ಲ, ಖರೇನ ಹೇಳ್ತೀನಿ. ಆಮ್ಯಾಲೆ ಬಂತು. ಕಡೀಕ ಅಳೋ ಜಾಗದಾಗ ನೀ ನಕ್ಕೆಲ್ಲಾ, ಯಾಕ?"

ಆಚೆ ಕಡೆ ಶೈಲಜಾ ನಗುವುದು ನನಗೂ ಕೇಳಿಸಿತು. "ಅಲ್ಲೀತನಕ ಕೇಳಿದ್ರಿ ಹಂಗಾರ!"

ರೇಡಿಯೋದಲ್ಲಿ ಜನ ಭೋರ್ಗರೆದರು. ಬಸವರಾಜ್ ಸೀಟಿನಲ್ಲೇ ಎದ್ದರು. "ತಡಿ ಒಂದ್ನಿಮಿಷ, ನಮ್ಮವರು ಗೋಲ್ ಹೊಡದ್ರು!"

"ಯಾರ್ರೀ ನಮ್ಮವರು?"

ಬಸವರಾಜ್ ನನ್ನ ಮುಖ ನೋಡಿದರು. ನಾನು ಸದ್ದು ತುಸು ತಗ್ಗಿಸಿದೆ. ರೇಡಿಯೋ ನಿಲ್ಲಿಸಲಿಲ್ಲ.